ಸಯಾಟಿಕಾಗೆ ಕರೆಂಟ್: ಪರೀಕ್ಷೆಯೇ ಚಿಕಿತ್ಸೆಯಾದ ಕತೆ

“ನಡದಿಂದ ಹಿಡದು ಹಿಮ್ಮಡದ ತನಕಾ ಜಗ್ಗತೈತ್ರಿ, ನಿಂದ್ರಾಕ ಆಗವಲ್ದು.” ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ಯಾವ ದವಾಖಾನೆಯ ಬಾಕಿನ ಮೇಲೆ ಕೂತರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಕೃಷ್ಣಾ, ದೂಧಗಂಗಾ ದಂಡೆಯ ಹೊಲಗಳಲ್ಲಿ ದಿನವಿಡೀ ಬಗ್ಗಿ ಕಬ್ಬು ಕಡಿದು, ಹೊರೆ ಹೊತ್ತು ಹಲಗೆ ಏರಿ ಟ್ರ್ಯಾಕ್ಟರಿಗೆ ತುಂಬಿದವರು ಈ ಮಾತು ಆಡುತ್ತಾರೆ. ಅಥಣಿಯಲ್ಲಿ ನೆಲದ ಮೇಲೆ ಕೂತು ಬೆನ್ನು ಬಾಗಿಸಿ ಕೊಲ್ಹಾಪುರಿ ಚಪ್ಪಲಿ ಹೊಲಿಯುವವರೂ ಆಡುತ್ತಾರೆ. ನಿಪ್ಪಾಣಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಣ್ಣುಮಕ್ಕಳೂ ಆಡುತ್ತಾರೆ. ದುಡಿಮೆ ಬೇರೆ ಬೇರೆ, ನೋವು ಇಳಿಯುವ ದಾರಿ ಮಾತ್ರ ಒಂದೇ.

ವೈದ್ಯರು ಅಂಗಾತ ಮಲಗಿಸಿ, ಮೊಣಕಾಲು ಮಡಿಸದಂತೆ ಹಿಡಿದು, ನೋಯುವ ಕಾಲನ್ನು ಮೆಲ್ಲಗೆ ಮೇಲೆತ್ತುತ್ತಾರೆ. 30–40 ಡಿಗ್ರಿ ಏರುವಷ್ಟರಲ್ಲಿ ನೋವು ಕಾಲಿನುದ್ದಕ್ಕೂ ಸೆಳೆದು ರೋಗಿ ಹಲ್ಲು ಕಚ್ಚಿದರೆ ಸಯಾಟಿಕಾದ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವಿನ, ಗುಮಾನಿ ಬಲವಾಗುತ್ತದೆ. ಗುಳಿಗೆ ಬರೆದುಕೊಡುತ್ತಾರೆ, ಬೇಕಾದರೆ ಎಂಆರ್‌ಐ ಮಾಡಿಸಲು ಬೆಳಗಾವಿಗೋ ಮಿರಜಿಗೋ ಕಳಿಸುತ್ತಾರೆ. ಅದರ ಜೊತೆಗೆ ಇನ್ನೊಂದು ಸಲಹೆಯೂ ಸಿಗುತ್ತದೆ: “ಫಿಜಿಯೋಥೆರಪಿಗೆ ಹೋಗಿ ಕರೆಂಟ್ ಹಚ್ಚಿಸಿಕೊಳ್ರಿ.”

ಅಲ್ಲಿ ಬೋರಲು ಮಲಗಿಸುತ್ತಾರೆ. ಕಪ್ಪು ರಬ್ಬರಿನ ಪ್ಯಾಡಿಗೆ ತಣ್ಣನೆಯ ಜೆಲ್ ಸವರಿ ಸೊಂಟದ ಮೇಲೆ ಎರಡು, ತೊಡೆಯ ಹಿಂದೆ ಅಥವಾ ಮೀನಖಂಡದ ಮೇಲೆ ಎರಡು ಇಟ್ಟು ಪಟ್ಟಿ ಬಿಗಿಯುತ್ತಾರೆ. ಯಂತ್ರದ ಗುಂಡಿ ತಿರುಗಿಸಿದಾಗ ಮೊದಲು ಏನೂ ತಿಳಿಯುವುದಿಲ್ಲ. ಇನ್ನೊಂದಿಷ್ಟು ತಿರುಗಿಸಿದರೆ ಚರ್ಮದಡಿ ಜುಮುಜುಮು ಎನ್ನತೊಡಗುತ್ತದೆ. ಮತ್ತೂ ಏರಿಸಿದರೆ ಸ್ನಾಯು ತಾನಾಗಿಯೇ ಅದುರುತ್ತದೆ. “ಸಾಕ್ರೀ, ಇಷ್ಟಿರಲಿ” ಎಂದು ರೋಗಿ ಹೇಳಿದಲ್ಲಿಗೆ ಗುಂಡಿ ನಿಲ್ಲುತ್ತದೆ. ಹದಿನೈದಿಪ್ಪತ್ತು ನಿಮಿಷದ ಮೇಲೆ ಪ್ಯಾಡು ತೆಗೆದಾಗ ಹಲವರು ಎದ್ದು ನಾಲ್ಕು ಹೆಜ್ಜೆ ಹಾಕಿ, “ಈಗ ಹಗೂರಾತು” ಎನ್ನುತ್ತಾರೆ.

ಹಗುರಾದದ್ದು ಹೇಗೆ? ಚರ್ಮದ ಮೇಲೆ ಕೊಟ್ಟ ಕರೆಂಟು ಬೆನ್ನುಮೂಳೆಯೊಳಗೆ ಹೋಗಿ, ಒತ್ತಿಕೊಂಡ ನರವನ್ನು ಬಿಡಿಸಿತೇ? ಹಾಗೆಂದು ನಂಬಿದವರು ಬಹಳ. ನಿಜ ಬೇರೆಯೇ ಇದೆ. ಆ ನಿಜ ಗೊತ್ತಿದ್ದವರು ದುಡ್ಡನ್ನೂ ದಿನಗೂಲಿಯನ್ನೂ ಉಳಿಸಿಕೊಳ್ಳುತ್ತಾರೆ, ಕೆಲವೊಮ್ಮೆ ಕಾಲನ್ನೇ ಉಳಿಸಿಕೊಳ್ಳುತ್ತಾರೆ. ಅದನ್ನು ತಿಳಿಯಲು ಎರಡು ಶೋಧಗಳ ಕತೆ ಹೇಳಬೇಕು. ಒಂದು, ಈ ನೋವು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಪತ್ತೆ ಹಚ್ಚಿದ ಕತೆ. ಇನ್ನೊಂದು, ವಿದ್ಯುತ್ತು ನೋವನ್ನು ತಗ್ಗಿಸುತ್ತದೆ ಎಂದು ಕಂಡುಕೊಂಡ ಕತೆ. ಶತಮಾನಗಳ ಕಾಲ ದೂರದೂರ ಹರಿದ ಈ ಎರಡೂ ಕತೆಗಳು ಕೊನೆಗೆ ಒಂದೇ ಆಸ್ಪತ್ರೆಯಲ್ಲಿ ಸಂಧಿಸುತ್ತವೆ.

ನೋವಿನ ಮೂಲ ಹುಡುಕಿದವರು

ಚರಕಸಂಹಿತೆ ವಾತರೋಗಗಳ ಸಾಲಿನಲ್ಲಿ, ಸಯಾಟಿಕಾವನ್ನೇ ಹೋಲುವ ಗೃಧ್ರಸಿಯನ್ನು ಹೇಳುತ್ತದೆ. ಪೃಷ್ಠ, ಸೊಂಟ, ತೊಡೆ, ಮೊಣಕಾಲು, ಮೀನಖಂಡಗಳನ್ನು ದಾಟಿ ನೋವು ಪಾದಕ್ಕೆ ಇಳಿಯುವ ಬಗೆಯನ್ನು ಅದು ಕ್ರಮವಾಗಿ ಗುರುತಿಸಿದೆ. ಚಿಕಿತ್ಸೆಗಳ ಪೈಕಿ ರಕ್ತ ಬಿಡಿಸುವುದು, ಗುದದ್ವಾರದಿಂದ ಔಷಧ ಏರಿಸುವ ಬಸ್ತಿ, ಕಾದ ಸಲಾಕೆಯಿಂದ ಸುಡುವ ಅಗ್ನಿಕರ್ಮ ಇವೆ. ಹಳ್ಳಿಗಳಲ್ಲಿ ಕಾಲ ಸೆಳೆತಕ್ಕೆ ಬರೆ ಹಾಕಿಸಿಕೊಳ್ಳುವ ರೂಢಿ ಇತ್ತು. ಗ್ರೀಸಿನ ಹಿಪೊಕ್ರೇಟಿಸನ ಕಾಲದ ವೈದ್ಯರೂ ಸೊಂಟದ ನೋವಿಗೆ ಸುಡುತ್ತಿದ್ದರು. ಒಂದು ನೋವನ್ನು ಇನ್ನೊಂದು ಉರಿಯಿಂದ ಅಡಗಿಸುವ ಈ ದಾರಿ ಲೋಕದ ಹಲವೆಡೆ ಕಾಣುತ್ತದೆ. ಅದೇಕೆ ಕೆಲವೊಮ್ಮೆ ಫಲ ಕೊಡುತ್ತಿತ್ತು ಎಂಬುದಕ್ಕೆ ಉತ್ತರ ಸಿಗಲು ತುಂಬ ಕಾಲ ಹಿಡಿಯಿತು.

ಸೊಂಟದ ಕೀಲು ಸವೆದು ಬರುವ ನೋವು ಬೇರೆ, ನರದ ದಾರಿಯಲ್ಲಿ ಇಳಿಯುವ ನೋವು ಬೇರೆ ಎಂದು ಬಿಡಿಸಿ ಹೇಳಿದವನು ಇಟಲಿಯ ನೇಪಲ್ಸ್ ನಗರದ ವೈದ್ಯ ಡೊಮೆನಿಕೊ ಕೊಟುನ್ಯೊ. 1764ರಲ್ಲಿ ಈ ನರದ ನೋವಿನ ಬಗೆಗೇ ಲ್ಯಾಟಿನ್‌ನಲ್ಲಿ ಅವನೊಂದು ಪುಸ್ತಕ ಬರೆದ. ಸಯಾಟಿಕ್ ಎಂಬ ಆ ನರದ ಹೊದಿಕೆಯಲ್ಲಿ ಕೆಟ್ಟ ದ್ರವ ತುಂಬಿಕೊಳ್ಳುವುದೇ ಕಾರಣವೆಂದು ಅವನ ಎಣಿಕೆ. ಆ ದ್ರವವನ್ನು ಹೊರಗೆಳೆಯಲು ಮೊಣಕಾಲಿನ ಹೊರಬದಿಯಲ್ಲಿ, ನರ ಚರ್ಮಕ್ಕೆ ಹತ್ತಿರ ಬರುವ ಕಡೆ, ಬೊಕ್ಕೆ ಏಳಿಸುವ ಔಷಧ ಹಚ್ಚುತ್ತಿದ್ದ. ಕಾರಣದ ಎಣಿಕೆ ನಿಲ್ಲಲಿಲ್ಲ. ನೋವಿನ ವಿಂಗಡಣೆ ಮಾತ್ರ ಇಂದಿಗೂ ನಿಂತಿದೆ. ಇದೇ ಕೊಟುನ್ಯೊ 1784ರಲ್ಲಿ ಬರೆದ ಪತ್ರವೊಂದರಲ್ಲಿ, ಜೀವಂತ ಇಲಿಯನ್ನು ಕೊಯ್ಯುತ್ತಿದ್ದಾಗ ಅದರ ಬಾಲ ತಾಗಿ ತನ್ನ ಕೈಗೆ ವಿದ್ಯುತ್ತಿನಂಥ ಆಘಾತವಾಯಿತೆಂದು ದಾಖಲಿಸಿದ್ದಾನೆ. ಪ್ರಾಣಿಯ ದೇಹದಲ್ಲಿ ವಿದ್ಯುತ್ತು ಇದೆಯೇ ಎಂದು ಯುರೋಪಿನ ವಿದ್ವಾಂಸರು ತಲೆ ಕೆಡಿಸಿಕೊಂಡಿದ್ದ ಕಾಲವದು. ಸಯಾಟಿಕಾವನ್ನು ಬಿಡಿಸಿ ತೋರಿಸಿದವನೇ ಆ ಚರ್ಚೆಯ ಒಳಗೂ ಇದ್ದ.

ನಿಜವಾದ ಕಾರಣ ಹೊರಬಿದ್ದದ್ದು 1934ರಲ್ಲಿ. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನಲ್ಲಿ ವಿಲಿಯಂ ಜೇಸನ್ ಮಿಕ್ಸ್‌ಟರ್ ನರಶಸ್ತ್ರವೈದ್ಯ, ಜೋಸೆಫ್ ಬಾರ್ ಮೂಳೆವೈದ್ಯ. ಇಬ್ಬರೂ ಹಳೆಯ ಶಸ್ತ್ರಕ್ರಿಯೆಗಳಲ್ಲಿ ತೆಗೆದಿಟ್ಟಿದ್ದ ತುಣುಕುಗಳನ್ನು ಮತ್ತೆ ಪರಿಶೀಲಿಸಿದರು. ಬೆನ್ನುಹುರಿಯ ಕೊಳವೆಯಲ್ಲಿ ಬೆಳೆದ ಗಡ್ಡೆ ಎಂದು ಕರೆಯುತ್ತಿದ್ದ ತುಣುಕುಗಳಲ್ಲಿ ಹಲವು ನಿಜಕ್ಕೂ ಕಶೇರುಗಳ ನಡುವಿನ ಡಿಸ್ಕಿನಿಂದ ಹೊರಚಾಚಿದ ಭಾಗಗಳಾಗಿದ್ದವು. ಡಿಸ್ಕಿನ ಹೊರಬಳೆ ಹರಿದು, ಒಳಗಿನ ಮೆತ್ತನೆಯ ವಸ್ತು ಹಿಂದಕ್ಕೆ ನುಗ್ಗಿ, ಸಯಾಟಿಕ್ ನರಕ್ಕೆ ಸೇರುವ ಬೇರನ್ನು ಒತ್ತುತ್ತದೆ. ಹೆಚ್ಚಾಗಿ ಹೀಗಾಗುವುದು ಸೊಂಟದ ಕಟ್ಟಕಡೆಯ ಎರಡು ಡಿಸ್ಕುಗಳಲ್ಲಿ. ಐದನೇ ಸೊಂಟದ ನರದ ಬೇರಿಗೆ ಪೆಟ್ಟಾದರೆ ಜೋಮು ಹೆಬ್ಬೆರಳಿನತ್ತ ಹೋಗುತ್ತದೆ, ಅದರ ಕೆಳಗಿನ ಬೇರಿಗಾದರೆ ಪಾದದ ಹೊರ ಅಂಚಿಗೂ ಕಿರುಬೆರಳಿಗೂ ಹೋಗುತ್ತದೆ. ಒತ್ತಡದ ಜೊತೆಗೆ, ಹೊರಬಂದ ವಸ್ತುವಿನಿಂದ ನರದ ಸುತ್ತ ಉರಿಯೂತವೂ ಏಳುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಮೀನಿನಿಂದ ಶುರುವಾದ ಚಿಕಿತ್ಸೆ

ಎರಡನೆಯ ಕತೆ ಸಮುದ್ರದ ದಂಡೆಯಲ್ಲಿ ಶುರುವಾಗುತ್ತದೆ. ಕ್ರಿ.ಶ. 47ರ ಸುಮಾರಿಗೆ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಒಂದು ಔಷಧಸಂಗ್ರಹ ಬರೆದ. ಅದರಲ್ಲಿ ಟಾರ್ಪೆಡೊ ಎಂಬ ಮೀನಿನ ಚಿಕಿತ್ಸೆ ಇದೆ. ಚಪ್ಪಟೆ ಮೈಯ ಈ ಮೀನು ಬೇಟೆಯನ್ನು ವಿದ್ಯುತ್ ಆಘಾತದಿಂದ ಮರಗಟ್ಟಿಸುತ್ತದೆ. ಸಂಧಿವಾತದ ನೋವು ಬಂದಾಗ ಜೀವಂತ ಕಪ್ಪು ಟಾರ್ಪೆಡೊವನ್ನು ಪಾದದಡಿ ಇಟ್ಟುಕೊಂಡು, ಅಲೆ ತೊಳೆಯುವ ಒದ್ದೆ ದಂಡೆಯ ಮೇಲೆ, ಮೊಣಕಾಲಿನವರೆಗೆ ಜೋಮು ಹಿಡಿಯುವ ತನಕ ನಿಲ್ಲಬೇಕು ಎಂದು ಲಾರ್ಗಸ್ ಹೇಳುತ್ತಾನೆ. ಟೈಬೀರಿಯಸ್ ಚಕ್ರವರ್ತಿಯ ಆಳಾಗಿದ್ದು ಬಿಡುಗಡೆ ಪಡೆದ ಆಂಟೆರೋಸ್ ಎಂಬವನು ಹೀಗೇ ಗುಣವಾದನೆಂದೂ ಬರೆದಿದ್ದಾನೆ. ಮುಂದೆ ಗೇಲನ್ ಎಂಬ ಮಹಾವೈದ್ಯ ಸತ್ತ ಮೀನನ್ನು ಇಟ್ಟು ನೋಡಿದ. ಫಲ ಸಿಗಲಿಲ್ಲ. ಜೀವಂತ ಮೀನೇ ಬೇಕು ಎಂದು ತೀರ್ಮಾನಿಸಿದ. ಮೀನಿನ ಮಾಂಸದಲ್ಲಿ ಔಷಧ ಗುಣವಿಲ್ಲ, ಜೀವಂತ ಮೀನು ಮಾಡುವ ಯಾವುದೋ ಕ್ರಿಯೆಯಲ್ಲಿದೆ ಎಂಬುದು ಆ ಕಾಲಕ್ಕೆ ದೊಡ್ಡ ತಿಳಿವಳಿಕೆಯೇ ಸರಿ.

ಆ ಕ್ರಿಯೆ ವಿದ್ಯುತ್ತೇ ಎಂದು 1772ರಲ್ಲಿ ಫ್ರಾನ್ಸಿನ ಕರಾವಳಿಯಲ್ಲಿ ಪ್ರಯೋಗ ಮಾಡಿ ತೋರಿಸಿದವನು ಇಂಗ್ಲೆಂಡಿನ ಜಾನ್ ವಾಲ್ಷ್. ಅಲೆಸ್ಸಾಂಡ್ರೊ ವೋಲ್ಟಾ 1800ರಲ್ಲಿ ಲೋಕದ ಮೊದಲ ಬ್ಯಾಟರಿಯನ್ನು ಪ್ರಕಟಿಸಿದಾಗ ಅದನ್ನು ಕೃತಕ ವಿದ್ಯುತ್ ಅಂಗ ಎಂದೇ ಕರೆದ. ಅವನ ಕಣ್ಣಮುಂದಿದ್ದದ್ದು ಇದೇ ಮೀನಿನ ದೇಹರಚನೆ. ನೋವು ತಗ್ಗಿಸುತ್ತಿದ್ದ ಮೀನಿನಿಂದ ಬ್ಯಾಟರಿ ಬಂತು. ಆ ಬ್ಯಾಟರಿಯ ಸಂತತಿ ಇಂದು ಅಂಗೈಯಗಲದ ಯಂತ್ರದಲ್ಲಿ ಕೂತು ಮತ್ತೆ ನೋವಿನ ಕೆಲಸಕ್ಕೇ ಬಂದಿದೆ.

ಬ್ಯಾಟರಿಗೂ ಮೊದಲೇ, ವಿದ್ಯುತ್ತನ್ನು ಸೀಸೆಯಲ್ಲಿ ಹಿಡಿದಿಡುವ ಉಪಾಯ 1745–46ರಲ್ಲಿ ಗೊತ್ತಾದ ಮೇಲೆ ವೈದ್ಯರೂ ಪಾದ್ರಿಗಳೂ ಅದನ್ನು ರೋಗಿಗಳ ಮೇಲೆ ಬಳಸತೊಡಗಿದರು. ಮೆಥಡಿಸ್ಟ್ ಪಂಥ ಸ್ಥಾಪಿಸಿದ ಜಾನ್ ವೆಸ್ಲಿ 1760ರಲ್ಲಿ ವಿದ್ಯುತ್ ಚಿಕಿತ್ಸೆಯ ಕುರಿತು ಪುಸ್ತಕವನ್ನೇ ಬರೆದ. ಅದು ಫಲ ಕೊಡುವ ಕಾಯಿಲೆಗಳ ಪಟ್ಟಿಯಲ್ಲಿ ಸಯಾಟಿಕಾ ಕೂಡ ಇತ್ತು. 19ನೇ ಶತಮಾನದಲ್ಲಿ ಫ್ರಾನ್ಸಿನ ವೈದ್ಯ ದ್ಯುಶೆನ್ ಸೂಜಿ ಚುಚ್ಚುವ ಬದಲು ಒದ್ದೆ ಮಾಡಿದ ವಿದ್ಯುದ್ವಾರಗಳನ್ನು ಚರ್ಮದ ಮೇಲಿಟ್ಟು, ಬೇಕಾದ ಸ್ನಾಯುವಿಗಷ್ಟೇ ಕರೆಂಟು ಮುಟ್ಟಿಸುವ ವಿಧಾನವನ್ನು ರೂಢಿಗೆ ತಂದ. ಇಂದಿನ ಜೆಲ್ ಸವರಿದ ಪ್ಯಾಡು ಆ ವಿಧಾನದ ಮುಂದುವರಿಕೆ.

ಇಷ್ಟಾದರೂ ಈ ಚಿಕಿತ್ಸೆಗೆ ಕೆಟ್ಟ ಹೆಸರು ಬಂತು. ಸಂತೆಯ ಮಾರಾಟಗಾರರು ವಿದ್ಯುತ್ ನಡುಪಟ್ಟಿ, ವಿದ್ಯುತ್ ಬಾಚಣಿಗೆಗಳನ್ನು ಎಲ್ಲ ರೋಗಕ್ಕೂ ಮದ್ದೆಂದು ಮಾರಿದರು. 1910ರಲ್ಲಿ ಅಮೆರಿಕದ ವೈದ್ಯಕೀಯ ಶಿಕ್ಷಣದ ಬಗ್ಗೆ ಫ್ಲೆಕ್ಸ್‌ನರ್ ವರದಿ ಬಂದ ಮೇಲೆ ಆಧಾರವಿಲ್ಲದ ಚಿಕಿತ್ಸೆಗಳ ಜೊತೆ ಇದೂ ಮೂಲೆ ಸೇರಿತು. ಉಳಿದುಕೊಂಡ ಕೆಲವು ಸಾಧನಗಳಲ್ಲಿ ಎಲೆಕ್ಟ್ರೀಟ್ ಒಂದು. 1919ರಲ್ಲಿ ಪೇಟೆಂಟ್ ಪಡೆದ, ಬ್ಯಾಟರಿಯಿಂದ ನಡೆಯುವ ಕೈಯಳತೆಯ ಯಂತ್ರ ಅದು. ಏಕೆ ಕೆಲಸ ಮಾಡುತ್ತದೆ ಎಂದು ವಿವರಿಸುವ ವಿಜ್ಞಾನ ಅದರ ಬೆನ್ನಿಗಿರಲಿಲ್ಲ. ಆದರೆ ಈ ಮೂಲೆಗುಂಪಾದ ಯಂತ್ರವೇ ಮುಂದೆ ಕತೆಗೆ ತಿರುವು ಕೊಡಲಿತ್ತು.

ಬೆನ್ನುಹುರಿಯಲ್ಲಿ ಗೇಟು

ಪೆಟ್ಟಾದ ಕಡೆ ಕೈಯಿಂದ ತಿಕ್ಕಿಕೊಂಡರೆ ನೋವು ಕಡಿಮೆಯಾಗುತ್ತದೆ. ಇದು ಮಗುವಿಗೂ ಗೊತ್ತು. ಆದರೆ ಬಹುಕಾಲ ಪ್ರಚಲಿತವಿದ್ದ ಸಿದ್ಧಾಂತದ ಪ್ರಕಾರ ನೋವಿನ ನರ ಗಾಯದಿಂದ ಮಿದುಳಿಗೆ ನೇರವಾಗಿ ಎಳೆದ ತಂತಿ. ತಂತಿಯ ತುದಿ ಎಳೆದರೆ ಅತ್ತ ಗಂಟೆ ಬಾರಿಸಲೇಬೇಕು, ತಿಕ್ಕಿದರೆ ಅದು ನಿಲ್ಲಲು ಕಾರಣವೇ ಇಲ್ಲ.

ಕೆನಡಾದ ಮನಃಶಾಸ್ತ್ರಜ್ಞ ರೊನಾಲ್ಡ್ ಮೆಲ್ಝಾಕ್, ಕಾಲು ಕತ್ತರಿಸಿದ ಮೇಲೂ ಇಲ್ಲದ ಕಾಲಿನಲ್ಲಿ ಉರಿ ಅನುಭವಿಸುವ ರೋಗಿಗಳನ್ನು ಕಂಡಿದ್ದರು. ತುದಿಯೇ ಇಲ್ಲದ ತಂತಿಯಿಂದ ನೋವು ಬರುವುದಾದರೆ ಸಿದ್ಧಾಂತವೇ ತಪ್ಪಿರಬೇಕು. 1959ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಅವರಿಗೆ ಇಂಗ್ಲೆಂಡಿನಿಂದ ಬಂದಿದ್ದ ನರವಿಜ್ಞಾನಿ ಪ್ಯಾಟ್ರಿಕ್ ವಾಲ್ ಜೊತೆಯಾದರು. ಇಬ್ಬರ ವಾದವಿವಾದದಿಂದ ಹುಟ್ಟಿದ ಲೇಖನ 1965ರ ನವೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ನೋವಿನ ಗೇಟ್ ಕಂಟ್ರೋಲ್ ಸಿದ್ಧಾಂತ ಎಂದು ಪ್ರಸಿದ್ಧವಾದದ್ದು ಅದೇ.

ಅದರ ತಿರುಳು ಹೀಗೆ. ಚರ್ಮ, ಸ್ನಾಯುಗಳಿಂದ ಬೆನ್ನುಹುರಿಗೆ ಹೋಗುವ ನರತಂತುಗಳಲ್ಲಿ ದಪ್ಪನೆಯವೂ ಇವೆ, ತೆಳ್ಳನೆಯವೂ ಇವೆ. ಸ್ಪರ್ಶ, ಒತ್ತಡ, ಕಂಪನದ ಸುದ್ದಿ ಒಯ್ಯುವ ದಪ್ಪ ತಂತುಗಳಲ್ಲಿ ಸಂಕೇತ ಸೆಕೆಂಡಿಗೆ ಹತ್ತಾರು ಮೀಟರ್ ಓಡುತ್ತದೆ. ಉರಿಯುವ, ಸೆಳೆಯುವ ನೋವನ್ನು ಒಯ್ಯುವ ಅತಿ ತೆಳ್ಳನೆಯ ತಂತುಗಳಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ಅಷ್ಟೇ. ಎರಡೂ ಬೆನ್ನುಹುರಿಯ ಹಿಂಬದಿಯ ಬೂದು ಭಾಗದಲ್ಲಿ ಬಂದು ಸೇರುತ್ತವೆ. ಕೃಷ್ಣೆಗೆ ಅಡ್ಡ ಕಟ್ಟಿದ ಹಿಪ್ಪರಗಿ ಬ್ಯಾರೇಜಿನಲ್ಲಿ ಮೇಲಿನಿಂದ ಬಂದ ನೀರೆಲ್ಲ ಹಾಗೆಯೇ ಮುಂದೆ ಹೋಗುವುದಿಲ್ಲ, ಗೇಟು ಎಷ್ಟು ಎತ್ತಿದೆಯೋ ಅಷ್ಟೇ ಹೋಗುತ್ತದೆ. ಬೆನ್ನುಹುರಿಯಲ್ಲೂ ಅಂಥದೊಂದು ವ್ಯವಸ್ಥೆ ಇದೆ ಎಂದರು ಮೆಲ್ಝಾಕ್ ಮತ್ತು ವಾಲ್. ದಪ್ಪ ತಂತುಗಳು ಚುರುಕಾದರೆ ಗೇಟು ಇಳಿಯುತ್ತದೆ, ನೋವಿನ ಸಂಕೇತ ಮಿದುಳಿಗೆ ಕಡಿಮೆ ತಲುಪುತ್ತದೆ. ಮಿದುಳಿನಿಂದ ಕೆಳಗಿಳಿಯುವ ಸಂಕೇತಗಳೂ ಈ ಗೇಟನ್ನು ಆಡಿಸುತ್ತವೆ. ಅದಕ್ಕೇ ಭಯ, ಚಿಂತೆ, ನಿದ್ದೆಗೇಡು ನೋವನ್ನು ಹೆಚ್ಚಿಸುತ್ತವೆ.

ಈ ಚಿತ್ರದ ಎಲ್ಲ ವಿವರಗಳೂ ಮುಂದಿನ ಸಂಶೋಧನೆಯಲ್ಲಿ ಹಾಗೆಯೇ ಉಳಿಯಲಿಲ್ಲ. ಆದರೆ ನೋವು ಬೆನ್ನುಹುರಿಯಲ್ಲೇ ಹೆಚ್ಚು ಕಡಿಮೆಯಾಗಬಲ್ಲದು ಎಂಬ ಮೂಲ ಮಾತು ಗಟ್ಟಿಯಾಗಿ ನಿಂತಿತು. ಬರೆ, ಬೊಕ್ಕೆ, ಮೀನು, ತಿಕ್ಕುವಿಕೆ ಎಲ್ಲವನ್ನೂ ಒಟ್ಟಿಗೆ ನೋಡುವ ದೃಷ್ಟಿ ಮೊದಲ ಬಾರಿಗೆ ಸಿಕ್ಕಿತು.

ಮೊದಲ ಸೂಜಿ ತಮ್ಮ ಮುಖಕ್ಕೇ

ಸಿದ್ಧಾಂತ ನಿಜವಾದರೆ ಅದರಿಂದ ಒಂದು ಪ್ರಯೋಗ ತಾನಾಗಿ ಹೊರಡುತ್ತದೆ. ದಪ್ಪ ತಂತುಗಳು ಕಡಿಮೆ ಕರೆಂಟಿಗೇ ಎಚ್ಚೆತ್ತುಕೊಳ್ಳುತ್ತವೆ, ತೆಳ್ಳನೆಯ ನೋವಿನ ತಂತುಗಳಿಗೆ ಹೆಚ್ಚು ಬೇಕು. ಹಾಗಾದರೆ ಹದವಾದ ಕರೆಂಟು ಕೊಟ್ಟು ದಪ್ಪ ತಂತುಗಳನ್ನಷ್ಟೇ ಎಬ್ಬಿಸಿದರೆ ನೋವು ಅಡಗಬೇಕು.

ಪರೀಕ್ಷೆಗೆ ವಾಲ್ ಜೊತೆಗೂಡಿದವರು ನರಶಸ್ತ್ರವೈದ್ಯ ವಿಲಿಯಂ ಸ್ವೀಟ್. ಅವರು ಕೆಲಸ ಮಾಡುತ್ತಿದ್ದದ್ದು ಮಿಕ್ಸ್‌ಟರ್ ಮತ್ತು ಬಾರ್ ಡಿಸ್ಕಿನ ಗುಟ್ಟು ಬಿಡಿಸಿದ ಅದೇ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನಲ್ಲಿ. ರೋಗಿಗಳಿಗಿಂತ ಮೊದಲು ಇಬ್ಬರೂ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. ಕಣ್ಣಿನ ಕೆಳಗೆ, ಮೇಲ್ದವಡೆಯ ಮೂಳೆಯ ಸಣ್ಣ ರಂಧ್ರದಿಂದ ಹೊರಬರುವ ನರಕ್ಕೆ ಸೂಜಿ ವಿದ್ಯುದ್ವಾರ ತಾಗಿಸಿ ಕರೆಂಟು ಹರಿಸಿಕೊಂಡರು. ಕೆನ್ನೆ, ತುಟಿಗಳಲ್ಲಿ ಜುಮುಜುಮು ಹಬ್ಬಿತು. ಆ ಭಾಗಕ್ಕೆ ಸೂಜಿಮೊನೆ ಚುಚ್ಚಿದರೆ ಚುಚ್ಚಿದ ನೋವು ಮಂಕಾಗಿತ್ತು.

ಆಮೇಲೆ ತೀವ್ರವಾದ, ಹಳೆಯ ನೋವಿದ್ದ ಎಂಟು ರೋಗಿಗಳ ಸರದಿ. ಒಂದೊಂದು ಮಿಡಿತ 0.1 ಮಿಲಿಸೆಕೆಂಡ್, ಸೆಕೆಂಡಿಗೆ 100 ಮಿಡಿತ. ರೋಗಿ ಜುಮುಜುಮು ಎನ್ನುವ ತನಕ ವೋಲ್ಟೇಜ್ ಏರಿಸಿದರು. ಕರೆಂಟು ಹರಿಯುತ್ತಿರುವಷ್ಟು ಹೊತ್ತು, ಮುಟ್ಟಗೊಡದಿದ್ದ ಜಾಗವನ್ನು ಒತ್ತಿದರೂ ನೋವಾಗಲಿಲ್ಲ. ಹೊರನರಗಳ ಕಾಯಿಲೆಯಿದ್ದ ನಾಲ್ವರಿಗೆ ಇನ್ನೊಂದು ಲಾಭ ಕಂಡಿತು. 2 ನಿಮಿಷ ಕೊಟ್ಟ ಕರೆಂಟಿಗೆ ಅರ್ಧ ತಾಸಿಗೂ ಮಿಕ್ಕಿ ಉಪಶಮನ ಸಿಕ್ಕಿತು. 1967ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲೇ ಈ ವರದಿ ಬಂತು. ಮನುಷ್ಯರಲ್ಲಿ ನೋವಿನ ತಾತ್ಕಾಲಿಕ ನಿವಾರಣೆ ಎಂಬ ಅರ್ಥದ ತಲೆಬರಹವನ್ನು ಲೇಖಕರು ಅದಕ್ಕೆ ಕೊಟ್ಟರು. ತಾತ್ಕಾಲಿಕ ಎಂದು ಅವರೇ ಹೇಳಿದ್ದನ್ನು ನಾವು ಮರೆಯಬಾರದು.

ಶಸ್ತ್ರಕ್ರಿಯೆಗೆ ಮುಂಚಿನ ಒಂದು ಪರೀಕ್ಷೆ

ಅದೇ 1967ರಲ್ಲಿ ಇನ್ನೊಬ್ಬ ಅಮೆರಿಕನ್ ನರಶಸ್ತ್ರವೈದ್ಯ ನಾರ್ಮನ್ ಶೀಲಿ ಇದೇ ಸಿದ್ಧಾಂತವನ್ನು ಬೇರೆ ದಾರಿಯಲ್ಲಿ ಒಯ್ದರು. ದಪ್ಪ ತಂತುಗಳೆಲ್ಲ ಬೆನ್ನುಹುರಿಯ ಹಿಂಭಾಗದಲ್ಲಿ ಒಟ್ಟಾಗಿ ಮೇಲೇರುತ್ತವೆ, ಅಲ್ಲಿಗೇ ವಿದ್ಯುದ್ವಾರ ಕೂರಿಸಿದರೆ ಹೇಗೆ ಎಂದು ಯೋಚಿಸಿದರು. ಕ್ಲೀವ್‌ಲ್ಯಾಂಡ್‌ನಲ್ಲಿ ಥಾಮಸ್ ಮಾರ್ಟಿಮರ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯ ನೆರವಿನಿಂದ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ, ಆಮೇಲೆ ಶ್ವಾಸಕೋಶದ ಕ್ಯಾನ್ಸರಿನಿಂದ ನರಳುತ್ತಿದ್ದ ರೋಗಿಯೊಬ್ಬನಿಗೆ ಮೊದಲ ಸಾಧನ ಅಳವಡಿಸಿದರು. ನೋವು ತಗ್ಗಿತು. ಬೆನ್ನುಹುರಿ ಉದ್ದೀಪನ ಎಂಬ ಚಿಕಿತ್ಸೆ ಹುಟ್ಟಿತು.

ಬೆನ್ನು ಕೊಯ್ದು ಸಾಧನ ಇಡುವುದು ದೊಡ್ಡ ಶಸ್ತ್ರಕ್ರಿಯೆ. ಯಾರಿಗೆ ಫಲ ಸಿಕ್ಕೀತು ಎಂದು ಮೊದಲೇ ಅಂದಾಜು ಮಾಡಲು ಶೀಲಿ ಹಳೆಯ ಎಲೆಕ್ಟ್ರೀಟ್ ಯಂತ್ರವನ್ನು ಕೈಗೆತ್ತಿಕೊಂಡರು. ಚರ್ಮದ ಮೇಲಿನಿಂದ ಕರೆಂಟು ಕೊಟ್ಟು ನೋಡೋಣ, ಒಗ್ಗಿದವರನ್ನು ಶಸ್ತ್ರಕ್ರಿಯೆಗೆ ಆರಿಸೋಣ ಎಂಬುದು ಲೆಕ್ಕ. ಆಗ ಯಾರೂ ಎಣಿಸದ್ದು ನಡೆಯಿತು. ಕೆಲವು ರೋಗಿಗಳಿಗೆ ಆ ಪರೀಕ್ಷೆಯಿಂದಲೇ ಸಾಕಷ್ಟು ಉಪಶಮನ ಸಿಕ್ಕಿಬಿಟ್ಟಿತು, ಶಸ್ತ್ರಕ್ರಿಯೆಯ ಮಾತೇ ಬೇಕಾಗಲಿಲ್ಲ. ಆಯ್ಕೆಗೆಂದು ತಂದ ಸಾಧನ ತಾನೇ ಚಿಕಿತ್ಸೆಯಾಯಿತು.

ಚರ್ಮದ ಮೂಲಕ ನರವನ್ನು ಉದ್ದೀಪಿಸುವ ಈ ವಿಧಾನವೇ ಟೆನ್ಸ್. ಡೊನಾಲ್ಡ್ ಮಾರರ್ ಎಂಬವರಿಗೆ 1974ರಲ್ಲಿ ಮೈಮೇಲೆ ಧರಿಸಿ ಓಡಾಡಬಲ್ಲ ಸಾಧನದ ಪೇಟೆಂಟ್ ಸಿಕ್ಕಿತು. ಯಂತ್ರ ಆಸ್ಪತ್ರೆಯಿಂದ ರೋಗಿಯ ನಡುಪಟ್ಟಿಗೆ ಬಂತು. ನಮ್ಮ ತಾಲ್ಲೂಕುಗಳ ಕೇಂದ್ರಗಳಲ್ಲಿ ಟೆನ್ಸ್ ಜೊತೆ ಐಎಫ್‌ಟಿ ಎಂಬುದೂ ಇರುತ್ತದೆ. 1950ರ ದಶಕದಲ್ಲಿ ಆಸ್ಟ್ರಿಯಾದ ಹಾನ್ಸ್ ನೆಮೆಕ್ ರೂಪಿಸಿದ ವಿಧಾನವದು. ಒಂದು ಜೋಡಿ ಪ್ಯಾಡಿನಿಂದ ಸೆಕೆಂಡಿಗೆ 4000, ಇನ್ನೊಂದು ಜೋಡಿಯಿಂದ 4100 ಆವರ್ತನದ ಕರೆಂಟು ಹೊರಟರೆ, ಎರಡೂ ಅಡ್ಡಹಾಯುವಲ್ಲಿ 100 ಆವರ್ತನದ ಏರಿಳಿತ ಹುಟ್ಟುತ್ತದೆ. ಹೆಚ್ಚು ಆವರ್ತನದ ಕರೆಂಟಿಗೆ ಚರ್ಮದ ಅಡ್ಡಿ ಕಡಿಮೆ. ಆದ್ದರಿಂದ ಚುಚ್ಚಿದ ಅನುಭವವೂ ಕಡಿಮೆ.

ದೇಹದೊಳಗಿನ ಮದ್ದು

1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್‌ಲಿಟ್ಸ್ ಮಿದುಳಿನಲ್ಲೇ ತಯಾರಾಗುವ ಅಫೀಮಿನಂಥ ವಸ್ತುಗಳನ್ನು ಗುರುತಿಸಿದರು. ಟೆನ್ಸ್ ಕತೆಗೆ ಇದರಿಂದ ಎರಡನೇ ವಿವರಣೆ ಸಿಕ್ಕಿತು. ಅಮೆರಿಕದ ಅಯೋವಾದಲ್ಲಿ ಕ್ಯಾಥ್ಲೀನ್ ಸ್ಲೂಕಾ ಮತ್ತು ಜೊತೆಗಾರರು ಇಲಿಗಳಲ್ಲಿ ತೋರಿಸಿದಂತೆ, ಕಡಿಮೆ ಆವರ್ತನದ ಕರೆಂಟು ಒಂದು ಬಗೆಯ ಅಫೀಮು ಗ್ರಾಹಕಗಳನ್ನೂ, ಹೆಚ್ಚು ಆವರ್ತನದ್ದು ಇನ್ನೊಂದು ಬಗೆಯವನ್ನೂ ಬಳಸಿಕೊಂಡು ನೋವು ತಗ್ಗಿಸುತ್ತದೆ. ದಿನವೂ ಒಂದೇ ರೀತಿ ಕೊಡುತ್ತಿದ್ದರೆ ದೇಹ ಅದಕ್ಕೆ ಒಗ್ಗಿಹೋಗಿ ಫಲ ಕುಂದುತ್ತದೆ ಎಂಬುದೂ ಅದೇ ಗುಂಪಿನ ಪ್ರಯೋಗಗಳಲ್ಲಿ ಕಂಡಿತು. ಕರೆಂಟಿನ ಬಲವೂ ಮುಖ್ಯ. ಚುರುಕಾಗಿ ತಿಳಿಯಬೇಕು, ನೋಯಬಾರದು. ಹೆದರಿ ತೀರ ಕಡಿಮೆ ಇಡಿಸಿಕೊಂಡರೆ ಫಲ ಸಿಗುವುದು ಕಷ್ಟ.

ಇಲ್ಲಿಗೆ ಮೊದಲಿನ ಪ್ರಶ್ನೆಗೆ ಉತ್ತರ ಸಿಕ್ಕಿತು. ಕರೆಂಟು ಡಿಸ್ಕನ್ನು ಒಳಗೆ ತಳ್ಳುವುದಿಲ್ಲ, ನರದ ಮೇಲಿನ ಒತ್ತಡ ತೆಗೆಯುವುದಿಲ್ಲ. ಅದು ನೋವಿನ ಸಂಕೇತವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ. ಮತ್ತೆ ಹಲವರು ಪೂರ್ತಿ ಗುಣವಾಗುವುದೇಕೆ? ಡಿಸ್ಕ್ ಜಾರಿ ಬಂದ ಸಯಾಟಿಕಾ ಬಹುಪಾಲು ಜನರಲ್ಲಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಾನಾಗಿಯೇ ತಗ್ಗುತ್ತದೆ. ಹೊರಚಾಚಿದ ಭಾಗ ಎಷ್ಟೋ ಸಲ ಕರಗಿ ಕುಗ್ಗುತ್ತದೆ. ದೇಹ ಮಾಡಿದ ಆ ಕೆಲಸದ ಕೀರ್ತಿ ಅದೇ ವಾರಗಳಲ್ಲಿ ಹಚ್ಚಿಸಿಕೊಂಡ ಕರೆಂಟಿಗೆ ಸಲ್ಲುತ್ತದೆ.

ತೂಕಕ್ಕಿಟ್ಟಾಗ

ಅಮೆರಿಕದ ವೈದ್ಯ ರಿಚರ್ಡ್ ಡೇಯೊ ಮತ್ತು ಸಂಗಡಿಗರು ಹಳೆಯ ಸೊಂಟನೋವಿನ 145 ರೋಗಿಗಳ ಮೇಲೆ ನಡೆಸಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಕೆಲವರಿಗೆ ನಿಜವಾದ ಟೆನ್ಸ್, ಕೆಲವರಿಗೆ ಕರೆಂಟು ಬಿಡದ ಸೋಗಿನ ಯಂತ್ರ. ನಾಲ್ಕು ವಾರದ ಕೊನೆಗೆ ಎರಡಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವ್ಯಾಯಾಮ ಮಾಡಿದವರಲ್ಲಿ ಸುಧಾರಣೆ ಕಂಡಿತು, ಆದರೆ ಬಹಳಷ್ಟು ಜನ ವ್ಯಾಯಾಮ ಬಿಟ್ಟ ಮೇಲೆ ಆ ಲಾಭವೂ ಕರಗಿತು. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ, ಸಯಾಟಿಕಾ ಇರಲಿ ಬಿಡಲಿ, ಸೊಂಟನೋವಿಗೆ ಟೆನ್ಸ್ ಮತ್ತು ಐಎಫ್‌ಟಿ ನೀಡಬೇಡಿ ಎಂದು ವೈದ್ಯರಿಗೆ ಹೇಳಿತು. ಇನ್ನೊಂದು ಬದಿಯಲ್ಲಿ, ನಾನಾ ಬಗೆಯ ನೋವುಗಳ ಕುರಿತ 381 ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆ, ಟೆನ್ಸ್ ಕೊಡುತ್ತಿರುವಾಗ ಮತ್ತು ಕೊಟ್ಟ ಕೂಡಲೇ ನೋವು ಸೋಗಿನ ಯಂತ್ರಕ್ಕಿಂತ ಹೆಚ್ಚು ತಗ್ಗುತ್ತದೆ ಎಂದು ಕಂಡಿತು. ಎರಡು ಬದಿಯನ್ನೂ ಕೂಡಿಸಿ ಓದಿದರೆ ವಾಲ್ ಮತ್ತು ಸ್ವೀಟ್ 1967ರಲ್ಲೇ ಹೇಳಿದ ಮಾತಿಗೆ ಬರುತ್ತೇವೆ: ಉಪಶಮನ ಇದೆ, ಅದು ತಾತ್ಕಾಲಿಕ.

ಬೆನ್ನೊಳಗೆ ಅಳವಡಿಸುವ ಸಾಧನದ ಲೆಕ್ಕವೂ ಹೀಗೆ ಎರಡು ಮುಖದ್ದು. ಡಿಸ್ಕ್ ಶಸ್ತ್ರಕ್ರಿಯೆಯ ನಂತರವೂ ಕಾಲುನೋವು ಉಳಿದ 100 ರೋಗಿಗಳ ಮೇಲೆ, ಕೆನಡಾದ ರೆಜೈನಾದ ನರಶಸ್ತ್ರವೈದ್ಯ ಕೃಷ್ಣ ಕುಮಾರ್ ಮುಂದಾಳತ್ವದಲ್ಲಿ ನಡೆದ ಅಧ್ಯಯನ 2007ರಲ್ಲಿ ಬಂತು. 6 ತಿಂಗಳ ಹೊತ್ತಿಗೆ ಸಾಧನ ಪಡೆದವರಲ್ಲಿ 48% ಜನರಿಗೆ ಕಾಲುನೋವು ಕನಿಷ್ಠ ಅರ್ಧದಷ್ಟು ತಗ್ಗಿತ್ತು, ಕೇವಲ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 9% ಜನರಿಗೆ. ನಾರ್ವೆಯಲ್ಲಿ 50 ರೋಗಿಗಳ ಮೇಲೆ, ಸಾಧನ ಒಳಗಿದ್ದೂ ಕರೆಂಟು ಬಿಡದೆ ಹೋಲಿಸಿದ 2022ರ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ಕೊಯ್ದು ಅಳವಡಿಸುವ ದುಬಾರಿ ಚಿಕಿತ್ಸೆಗೆ ಒಪ್ಪುವ ಮುನ್ನ ಈ ಎರಡೂ ಫಲಿತಾಂಶ ರೋಗಿಗೆ ಗೊತ್ತಿರಬೇಕು.

ದುಡಿಯುವವರಿಗೆ ಇದರಿಂದ ಏನು

ತಾತ್ಕಾಲಿಕ ಎಂದ ಮಾತ್ರಕ್ಕೆ ಅದನ್ನು ತಳ್ಳಿಹಾಕಬೇಕಿಲ್ಲ. ಹಂಗಾಮಿನ ಮುಂಗಡ ತೆಗೆದುಕೊಂಡು ಕಬ್ಬಿಗೆ ಬಂದವರಿಗೆ, ಸಾವಿರ ಬೀಡಿಯ ಲೆಕ್ಕದಲ್ಲಿ ಕೂಲಿ ಎಣಿಸುವವರಿಗೆ, ನೋವು ತಗ್ಗಿದ ಎರಡು ತಾಸು ಬಲು ಬೆಲೆಯದು. ಗುಳಿಗೆಗಳು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೊಡುವ ತೊಂದರೆ ಇದರಲ್ಲಿಲ್ಲ. ಆ ಎರಡು ತಾಸನ್ನು ಬಳಸಿಕೊಳ್ಳುವ ಬಗೆಯೇ ಮುಖ್ಯ. ನೋವು ತಗ್ಗಿದೆಯೆಂದು ಮತ್ತೆ ಹೊರೆ ಹೊತ್ತರೆ ಡಿಸ್ಕಿಗೆ ಇನ್ನಷ್ಟು ಪೆಟ್ಟು. ಮನೆಗೆ ಹೋಗಿ ಮಲಗಿದರೆ ಸ್ನಾಯು ಸೊರಗುತ್ತದೆ. ಎದ್ದು ನಡೆಯಬೇಕು, ಫಿಜಿಯೋಥೆರಪಿಸ್ಟ್ ಕಲಿಸಿದ ಬೆನ್ನು, ಹೊಟ್ಟೆಯ ವ್ಯಾಯಾಮ ಮಾಡಬೇಕು, ಕಾಲಿನ ಸೆಳೆತ ಹೋದ ಮೇಲೂ ಮುಂದುವರಿಸಬೇಕು. ಪ್ಯಾಡು ಹಚ್ಚಿ ಹಣ ತೆಗೆದುಕೊಂಡು ವ್ಯಾಯಾಮ ಕಲಿಸದೆ ಕಳಿಸಿದರೆ, ನಮಗೆ ಬರಬೇಕಾದ ಚಿಕಿತ್ಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕಿ ಉಳಿದಿದೆ ಎಂದೇ ಅರ್ಥ. ಕೇಳಿ ಪಡೆಯಬೇಕು.

ಕೆಲವರು ಕರೆಂಟಿನ ಹತ್ತಿರ ಹೋಗಬಾರದು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ವೈದ್ಯರ ಒಪ್ಪಿಗೆಯಿಲ್ಲದೆ ಹಚ್ಚಿಸಿಕೊಳ್ಳಬಾರದು. ಗರ್ಭಿಣಿಯರಿಗೆ ಹೊಟ್ಟೆ, ಸೊಂಟದ ಮೇಲೆ ಬೇಡ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶಜ್ಞಾನ ಹೋದ ಕಡೆ ಸುಟ್ಟರೂ ತಿಳಿಯುವುದಿಲ್ಲ. ಮೂರ್ಛೆರೋಗ, ಕ್ಯಾನ್ಸರ್ ಇದ್ದವರು ಮೊದಲೇ ಹೇಳಬೇಕು.

ಇವೆಲ್ಲಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಗಳ ನಡುವೆ, ಗುದದ ಸುತ್ತ ಸ್ಪರ್ಶ ಹೋದರೆ, ಎರಡೂ ಕಾಲು ಸೋಲತೊಡಗಿದರೆ, ಪಾದ ಮೇಲೆತ್ತಲಾಗದೆ ಚಪ್ಪಲಿ ಜಾರಿ ಬೀಳುವಂತಾದರೆ, ನರದ ಬೇರುಗಳು ಸಾಯುತ್ತಿವೆ ಎಂದು ತಿಳಿಯಬೇಕು. ಆಗ ಊರಿನಲ್ಲಿ ಕರೆಂಟ್ ಹಚ್ಚಿಸಿಕೊಳ್ಳುತ್ತ ಕೂರದೆ ಅದೇ ದಿನ ಬೆಳಗಾವಿ, ಮಿರಜ್, ಕೊಲ್ಹಾಪುರದ ದೊಡ್ಡ ಆಸ್ಪತ್ರೆ ಸೇರಬೇಕು. ನೋವು ಒಮ್ಮೆಲೇ ಮಾಯವಾಗಿ ಕಾಲು ಸೋತಿದ್ದರೆ ಗುಣವಾಯಿತೆಂದು ಹಿಗ್ಗಬಾರದು.

ಲಾರ್ಗಸ್‌ನಿಂದ ಶೀಲಿಯವರೆಗೆ ಈ ದಾರಿಯನ್ನು ಕಡಿದವರು ನಮಗೆ ಕೊಟ್ಟದ್ದು ನೋವಿಲ್ಲದ ಒಂದಿಷ್ಟು ಹೊತ್ತು. ಆ ಹೊತ್ತಿನಲ್ಲಿ ಬೆನ್ನನ್ನು ಗಟ್ಟಿಗೊಳಿಸುವುದು ರೋಗಿಯ ಕೆಲಸ, ಅದನ್ನು ಕಲಿಸುವುದು ಚಿಕಿತ್ಸಕರ ಕೆಲಸ, ಬಗ್ಗಿ ದುಡಿಯುವವರ ಹೊರೆ ಇಳಿಸಿ ನಡುನಡುವೆ ಬಿಡುವು ಕೊಡುವುದು ದುಡಿಸಿಕೊಳ್ಳುವವರ ಕೆಲಸ. ಮೂವರೂ ತಮ್ಮ ಪಾಲು ಮಾಡಿದರೆ ಕರೆಂಟಿಗೆ ಕೊಟ್ಟ ದುಡ್ಡು ಸಾರ್ಥಕವಾಗುತ್ತದೆ, ಕೃಷ್ಣಾ ತೀರದಲ್ಲಿ ದುಡಿಯುವವರು ಮುಂದಿನ ಹಂಗಾಮಿಗೂ ತಮ್ಮ ಕಾಲ ಮೇಲೆ ನಿಲ್ಲುತ್ತಾರೆ.